ಯಾರು, ಯಾರಿಗೆ, ಯಾವಾಗ ಹೇಳಿದರು?

1

ನಾನು ಏಳನೇ ಕ್ಲಾಸಿನಲ್ಲಿದ್ದಾಗ ನಮ್ಮ ಮನೆಗೆ ಒಂದು ನೋಟೀಸು ಬಂತು. ತಾತನಿಗೆ ಸರ್ಕಾರ ಮಂಜೂರು ಮಾಡಿದ್ದ ಒಂದೂವರೆ ಎಕರೆ ಜಮೀನು ಯಾವಾಗಲೋ ಬೇರೆಯವರ ಕೈಸೇರಿತ್ತು. ಪರಿಶಿಷ್ಟರಿಗೆ ಮಂಜೂರಾದ ಜಮೀನಿನ ಪರಭಾರೆಯನ್ನು ನಿಷೇಧಿಸಿದ 1978ರ ಕಾಯ್ದೆಯ ಕೆಳಗೆ ಅದನ್ನು ಬಿಡಿಸಿಕೊಳ್ಳಬಹುದು ಅಂತ ಯಾರೋ ಹೇಳಿದ್ದರಿಂದ ನಮ್ಮಪ್ಪ ಅರ್ಜಿ ಹಾಕಿದ್ದ. ಅವನು ಆಗ ಕೊಡಗಿನ ಕಾಫಿ ತೋಟದಲ್ಲಿ ಕೂಲಿಗಿದ್ದ. ಎರಡು ದಿನಕ್ಕೆಂದು ಊರಿಗೆ ಬಂದವನ ಕೈಗೆ ನೋಟೀಸು ಸಿಕ್ಕಿತು. ನನ್ನ ಕೈಗೆ ಕೊಟ್ಟು ‘ಓದು ಮಗ’ ಅಂದ.

ನಾನು ಜಗಲಿಯ ಮೇಲೆ ನಿಂತು ಶಾಲೆಯಲ್ಲಿ ಓದುವ ಹಾಗೆಯೇ ಗಟ್ಟಿಯಾಗಿ ಓದಿದೆ. ಒತ್ತಕ್ಷರ, ಮಹಾಪ್ರಾಣ ಯಾವುದೂ ತಪ್ಪಲಿಲ್ಲ. ನಿಗದಿತ ದಿನಾಂಕದಂದು ಹಾಜರಾಗತಕ್ಕದ್ದು, ತಪ್ಪಿದಲ್ಲಿ ಏಕಪಕ್ಷೀಯವಾಗಿ ತೀರ್ಮಾನಿಸಲಾಗುವುದು ಎಂಬಲ್ಲಿಗೆ ಓದು ಮುಗಿಯಿತು. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದ: ‘ಓದ್ದೆ ಸರಿ, ಏನಂತೆ?’

ನಾನು ಯೋಚನೆ ಮಾಡಿ ಹೇಳಿದೆ: ‘ಏಕಪಕ್ಷೀಯ ಅಂದ್ರೆ ಒಂದೇ ಪಕ್ಷಕ್ಕೆ ಕನಪ್ಪ. ಅರ್ಜಿ ಹಾಕಿರೋನು ನೀನು ತಾನೆ? ನೀನು ಹೋಗ್ದಿದ್ರೂವೆ ನಿನ್ ಕಡೀಕೆ ತೀರ್ಮಾನ ಮಾಡ್ತರಂತೆ.’

ಅಪ್ಪ ಮಾರನೆಯ ದಿನವೇ ಕೊಡಗಿನ ಬಸ್ಸು ಹತ್ತಿದ. ನಾಲ್ಕು ದಿನದ ಕೂಲಿ ಉಳಿಯಿತು. ವಿಚಾರಣೆಯ ದಿನ ಕಳೆಯಿತು, ಅರ್ಜಿ ವಜಾ ಆಯಿತು.

ಆ ಜಮೀನು ಆಮೇಲೆ ಏನಾಯಿತು ಎಂಬುದು ಈ ಲೇಖನದ ವಿಷಯ ಅಲ್ಲ. ನನಗೆ ಆ ವರ್ಷ ಕನ್ನಡದಲ್ಲಿ ನೂರಕ್ಕೆ ತೊಂಬತ್ತರ ಮೇಲೆ ಅಂಕ ಬಂದಿತ್ತು ಎಂಬುದು ಮಾತ್ರ ಈ ಲೇಖನಕ್ಕೆ ಸಂಬಂಧಪಟ್ಟದ್ದು. ಓದಲು ಬಂದರೂ ಅರ್ಥವಾಗದ ಒಂದು ಸ್ಥಿತಿಯನ್ನು ನಮ್ಮ ಶಾಲೆ ಅಷ್ಟು ಚೆನ್ನಾಗಿ ತಯಾರು ಮಾಡುತ್ತದೆ, ಆಮೇಲೆ ಅದಕ್ಕೆ ಅಂಕವನ್ನೂ ಕೊಡುತ್ತದೆ. ಇದು ಹೇಗೆ ಬಂತು, ಇದನ್ನು ಎದುರಿಸಿ ನಮ್ಮವರು ಯಾವ ಬಗೆಯ ಓದನ್ನು ಕಟ್ಟಿಕೊಂಡರು, ಇವತ್ತು ಆ ಓದನ್ನು ನಾವೇ ಹೇಗೆ ಕಳೆದುಕೊಳ್ಳುತ್ತಿದ್ದೇವೆ ಎನ್ನುವುದನ್ನು ಸ್ವಲ್ಪ ಚರಿತ್ರೆಯ ಹಿನ್ನೆಲೆಯಲ್ಲಿ ನೋಡುವುದು ಇಲ್ಲಿನ ಉದ್ದೇಶ.

2

ಕನ್ನಡ ಪರೀಕ್ಷೆ ಬರೆದವರಿಗೆಲ್ಲ ಎರಡು ಸೂಚನೆಗಳು ಬಾಯಿಪಾಠವಾಗಿರುತ್ತವೆ. ಒಂದು, ಕೆಳಗಿನ ಗದ್ಯಭಾಗವನ್ನು ಓದಿ ಪ್ರಶ್ನೆಗಳಿಗೆ ಉತ್ತರಿಸಿರಿ. ಎರಡು, ಸಂದರ್ಭದೊಡನೆ ಸ್ವಾರಸ್ಯವನ್ನು ವಿವರಿಸಿರಿ. ಮೊದಲನೆಯದು ಅರ್ಥಗ್ರಹಣದ ಪರೀಕ್ಷೆ, ಎರಡನೆಯದು ಸಾಹಿತ್ಯ ವಿಶ್ಲೇಷಣೆಯ ಪರೀಕ್ಷೆ ಎಂದು ತಿಳಿಯಲಾಗಿದೆ.

ಮೊದಲನೆಯದನ್ನು ಗೆಲ್ಲುವ ಉಪಾಯ ಎಲ್ಲ ಮಕ್ಕಳಿಗೂ ಗೊತ್ತು. ಪ್ರಶ್ನೆಯಲ್ಲಿರುವ ಪದವನ್ನು ಗದ್ಯಭಾಗದಲ್ಲಿ ಹುಡುಕಬೇಕು, ಅದು ಸಿಕ್ಕ ಸಾಲನ್ನು ಹಾಗೇ ಎತ್ತಿ ಬರೆಯಬೇಕು. ಗದ್ಯಭಾಗ ಅರ್ಥವಾಗಲೇಬೇಕೆಂದಿಲ್ಲ. ಎರಡನೆಯದಕ್ಕೂ ಒಂದು ಅಚ್ಚು ಇದೆ. ಆಯ್ಕೆ ಎಂದು ಬರೆದು ಕವಿಯ ಹೆಸರು, ಪದ್ಯದ ಹೆಸರು ಹಾಕಬೇಕು. ಸಂದರ್ಭ ಎಂದು ಬರೆದು ಯಾರು ಯಾರಿಗೆ ಯಾವಾಗ ಹೇಳಿದರು ಎಂದು ತಿಳಿಸಬೇಕು. ಸ್ವಾರಸ್ಯ ಎಂದು ಬರೆದು, ಈ ಮಾತು ಅತ್ಯಂತ ಸ್ವಾರಸ್ಯಪೂರ್ಣವಾಗಿ ಮೂಡಿಬಂದಿದೆ ಎಂದು ಬರೆಯಬೇಕು. ನಾನೂ ಬರೆದಿದ್ದೇನೆ, ನನ್ನ ವಿದ್ಯಾರ್ಥಿಗಳೂ ಬರೆಯುತ್ತಾರೆ, ನಾನೇ ಅದಕ್ಕೆ ಅಂಕವನ್ನೂ ಹಾಕಿದ್ದೇನೆ.

ನಾನೀಗ ಒಂದು ತಾಲ್ಲೂಕು ಕೇಂದ್ರದ ಪದವಿ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕ. ಬಿ.ಎ. ತರಗತಿಯಲ್ಲಿ ಒಂದು ಸಲ ಒಂದು ಪುಟ್ಟ ಪರೀಕ್ಷೆ ಮಾಡಿದೆ. ಒಂದು ಹಳೆಯ ಸರ್ಕಾರಿ ಆದೇಶದ ತಾತ್ಪರ್ಯವನ್ನು ಕನ್ನಡದಲ್ಲಿ ನಾಲ್ಕೈದು ವಾಕ್ಯವಾಗಿ ಬರೆದು, ಯಾವ ಕಾಲದ್ದು ಯಾರದ್ದು ಎಂದು ಹೇಳದೆ ಹಂಚಿದೆ. ಅದರಲ್ಲಿದ್ದದ್ದು ಇಷ್ಟು: ಈ ವಿಷಯ ಬಹಳ ದೊಡ್ಡ ವ್ಯಾವಹಾರಿಕ ತೊಡಕಿನದು. ಅರ್ಜಿ ಹಾಕಿದ ಹುಡುಗನ ಕಡೆ ತಾತ್ವಿಕವಾಗಿ ನ್ಯಾಯ ಇದೆ ಎಂಬುದರಲ್ಲಿ ಸಂಶಯವಿಲ್ಲ. ಅವನು ಶಾಲೆಗೆ ಸೇರದಂತೆ ಈಗ ತಡೆಯುತ್ತಿರುವ ಪೂರ್ವಗ್ರಹಗಳು ಬೇಗ ನೀಗುತ್ತವೆಂದು ಸರ್ಕಾರ ನಂಬುತ್ತದೆ. ಆದರೆ ಒಬ್ಬಿಬ್ಬರಿಗೋಸ್ಕರ ಯುಗಯುಗಗಳ ಪೂರ್ವಗ್ರಹಗಳಲ್ಲಿ ಥಟ್ಟನೆ ಕೈಹಾಕಿದರೆ ವಿದ್ಯೆಯ ಕಾರ್ಯಕ್ಕೇ ಹಾನಿಯಾದೀತು. ಅರ್ಜಿದಾರನ ತೊಂದರೆ ಈ ಸರ್ಕಾರದಿಂದ ಹುಟ್ಟಿದ್ದಲ್ಲ.

ಕೇಳಿದ ಪ್ರಶ್ನೆ ಒಂದೇ: ಹುಡುಗನಿಗೆ ಶಾಲೆ ಸಿಕ್ಕಿತೇ?

ಅರ್ಧಕ್ಕಿಂತ ಹೆಚ್ಚು ಮಂದಿ ‘ಸಿಕ್ಕಿತು’ ಎಂದು ಬರೆದಿದ್ದರು. ನ್ಯಾಯ ಅವನ ಕಡೆ ಇದೆ ಎಂದು ಸರ್ಕಾರವೇ ಒಪ್ಪಿಕೊಂಡಿದೆಯಲ್ಲ ಎಂಬುದು ಅವರ ಆಧಾರ. ಅವರಲ್ಲಿ ನಮ್ಮ ಕೇರಿಯ ಮಕ್ಕಳೂ ಇದ್ದರು. ನನಗೆ ಥಟ್ಟನೆ ಆ ಜಗಲಿ, ಆ ನೋಟೀಸು ನೆನಪಾಯಿತು. ಒಳ್ಳೆಯ ಮಾತೊಂದು ಕಂಡ ಕೂಡಲೇ ಅದು ನಮ್ಮ ಪರವಾಗಿದೆ ಎಂದು ನಂಬುವುದು ದಡ್ಡತನವಲ್ಲ. ಪ್ರಭುತ್ವದ ಭಾಷೆಯನ್ನು ದೂರದಿಂದ ಮಾತ್ರ ಕೇಳಿದವರು ಅದನ್ನು ಓದುವ ರೀತಿಯೇ ಅದು.

3

ಆ ಆದೇಶ ನಮ್ಮ ಧಾರವಾಡಕ್ಕೆ ಸಂಬಂಧಿಸಿದ್ದು. 1856ರ ಜೂನ್ ತಿಂಗಳಲ್ಲಿ ಧಾರವಾಡದ ಸರ್ಕಾರಿ ಶಾಲೆಗೆ ತನ್ನನ್ನು ಸೇರಿಸಿಕೊಳ್ಳಬೇಕೆಂದು ಒಬ್ಬ ಮಹಾರ್ ಹುಡುಗನ ಪರವಾಗಿ ಅರ್ಜಿ ಹೋಯಿತು. ಧಾರವಾಡ ಆಗ ಮುಂಬಯಿ ಪ್ರಾಂತ್ಯದಲ್ಲಿತ್ತು. ಶಿಕ್ಷಣ ಕೆಲವರಿಗೆ ಮಾತ್ರ ಅಲ್ಲ, ಜನಸಾಮಾನ್ಯರಿಗೂ ಮುಟ್ಟಬೇಕು ಎಂದು ಸಾರಿದ 1854ರ ವುಡ್ ನಿರೂಪ ಬಂದು ಎರಡೇ ವರ್ಷ ಆಗಿತ್ತು. ಮುಂಬಯಿ ಸರ್ಕಾರ ಜುಲೈ 21ರಂದು ಮೇಲಿನ ನಿರ್ಣಯ ಕೊಟ್ಟಿತು. ಹುಡುಗನಿಗೆ ಶಾಲೆ ಸಿಗಲಿಲ್ಲ.

ಇದೇ ದಶಕಗಳಲ್ಲಿ ಧಾರವಾಡದ ಸೀಮೆಯಲ್ಲಿ ಮರಾಠಿಯ ಜಾಗದಲ್ಲಿ ಕನ್ನಡ ಶಾಲೆಗಳನ್ನು ಎಬ್ಬಿಸುವ ಕೆಲಸ ನಡೆಯುತ್ತಿತ್ತು. ಡೆಪ್ಯುಟಿ ಚನ್ನಬಸಪ್ಪನವರ ಹೆಸರನ್ನು ನಾವೆಲ್ಲ ಗೌರವದಿಂದ ನೆನೆಯುತ್ತೇವೆ, ನೆನೆಯಲೇಬೇಕು. ಆದರೆ ಶಾಲೆಯೊಳಕ್ಕೆ ಕನ್ನಡ ಪ್ರವೇಶ ಪಡೆದ ಚರಿತ್ರೆಯ ಪಕ್ಕದಲ್ಲಿಯೇ ಶಾಲೆಯೊಳಕ್ಕೆ ಹೋಗಲಾರದ ಒಬ್ಬ ಹುಡುಗನ ಚರಿತ್ರೆಯೂ ಇದೆ. ಕನ್ನಡ ನವೋದಯದ ಕಥನಗಳಲ್ಲಿ ಮೊದಲನೆಯದು ಎಷ್ಟು ಸಲ ಬಂದಿದೆ, ಎರಡನೆಯದು ಎಷ್ಟು ಸಲ ಬಂದಿದೆ ಎಂದು ಓದುಗರೇ ಎಣಿಸಿ ನೋಡಬಹುದು.

ಈಗ ಆ ನಿರ್ಣಯವನ್ನು ಒಂದು ಪಠ್ಯವಾಗಿ ಓದೋಣ. ತರಗತಿಯಲ್ಲಿ ನಾವು ಮಾಡಿದ್ದೂ ಅದನ್ನೇ. ‘ತೊಡಕು’ ಎಂಬ ಮಾತಿನಿಂದ ಅದು ಶುರುವಾಗುತ್ತದೆ. ಯಾರ ತೊಡಕು? ಶಾಲೆಯಿಲ್ಲದ ಹುಡುಗನದಲ್ಲ, ಸರ್ಕಾರದ್ದು. ಎರಡನೆಯ ಮಾತಿನಲ್ಲಿ ನ್ಯಾಯ ಬರುತ್ತದೆ, ಆದರೆ ಒಂಟಿಯಾಗಿ ಬರುವುದಿಲ್ಲ. ‘ತಾತ್ವಿಕ’ ಎಂಬ ವಿಶೇಷಣವನ್ನು ಬೆನ್ನಿಗೆ ಹೊತ್ತು ಬರುತ್ತದೆ. ಅಂದರೆ ಬೆಂಚಿನ ಮೇಲೆ ಕೂರಿಸುವ ನ್ಯಾಯವಲ್ಲ, ಬರೀ ವಿಚಾರದಲ್ಲಿ ಇರಬಹುದಾದ ನ್ಯಾಯ. ಆಮೇಲೆ ‘ಆದರೆ’. ಅಲ್ಲಿಂದಾಚೆಗೆ ಒಂದು ಲೆಕ್ಕ ಇದೆ. ತಕ್ಕಡಿಯ ಒಂದು ಕಡೆ ಯುಗಯುಗಗಳು, ಇನ್ನೊಂದು ಕಡೆ ಒಬ್ಬಿಬ್ಬರು. ಇಡೀ ಕೇರಿಗಳ ಜನಸಮೂಹ ‘ಒಬ್ಬಿಬ್ಬರು’ ಆದದ್ದು ಹೇಗೆ? ಅರ್ಜಿ ಹಾಕುವ ಧೈರ್ಯ ಮಾಡಿದವನು ಒಬ್ಬನೇ ಆದ್ದರಿಂದ!

ಇನ್ನೂ ಒಂದು ಸಂಗತಿಯನ್ನು ಗಮನಿಸಬೇಕು. ಹುಡುಗನನ್ನು ತಡೆಯುತ್ತಿರುವವರು ಯಾರು ಎಂದು ಆ ನಿರ್ಣಯದಲ್ಲಿ ಹುಡುಕಿದರೆ ಮನುಷ್ಯರೇ ಸಿಗುವುದಿಲ್ಲ. ಪೂರ್ವಗ್ರಹಗಳು ತಡೆಯುತ್ತಿವೆ. ವಾಕ್ಯದ ಕರ್ತೃಪದದ ಜಾಗದಲ್ಲಿ ಒಂದು ಭಾವವಾಚಕ ಕೂತಿದೆ. ತಡೆದ ಕೈ ಯಾರದೂ ಅಲ್ಲ, ಹಾಗಾಗಿ ಆ ಕೈಯನ್ನು ಹಿಡಿಯುವ ಪ್ರಶ್ನೆಯೂ ಇಲ್ಲ. ಎಸ್ಸೆಸ್ಸೆಲ್ಸಿಯಲ್ಲಿ ಕರ್ತೃ, ಕರ್ಮ, ಕ್ರಿಯಾಪದವನ್ನು ಗುರುತಿಸಿ ಎಂದು ಎರಡು ಅಂಕಕ್ಕೆ ಕೇಳುವ ವ್ಯಾಕರಣ ಎಂಥ ದೊಡ್ಡ ಆಯುಧ ಎಂದು ನನಗೆ ಆ ದಿನ ಗೊತ್ತಾಯಿತು. ಇವತ್ತಿನ ಪತ್ರಿಕೆಗಳಲ್ಲಿ ‘ಹಲ್ಲೆ ನಡೆದಿದೆ’, ‘ಬಹಿಷ್ಕಾರ ಹಾಕಲಾಗಿದೆ’ ಎಂದು ಓದುವಾಗಲೂ ಇದೇ ಪ್ರಶ್ನೆಯನ್ನು ಕೇಳಬಹುದು.

ಆ ಹುಡುಗನ ಅರ್ಜಿಗೆ ಒಂದು ವರ್ಷ ಮೊದಲು, 1855ರಲ್ಲಿ, ಪುಣೆಯಲ್ಲಿ ಜೋತಿಬಾ ಮತ್ತು ಸಾವಿತ್ರಿಬಾಯಿ ಫುಲೆಯವರ ಶಾಲೆಯ ಒಬ್ಬ ಬಾಲಕಿ ಒಂದು ಪ್ರಬಂಧ ಬರೆದಳು. ಮಾಂಗ್ ಜಾತಿಯ ಆ ಹುಡುಗಿ ಮುಕ್ತಾಬಾಯಿ. ಮಾಂಗ್ ಮತ್ತು ಮಹಾರರ ದುಃಖವನ್ನು ಕುರಿತ ಆ ಬರಹ ‘ಜ್ಞಾನೋದಯ’ ಪತ್ರಿಕೆಯಲ್ಲಿ ಅಚ್ಚಾಯಿತು. ಅದರ ಒಂದು ವಾದದ ಸರಣಿ ಹೀಗಿದೆ: ವೇದ ತಮ್ಮದೇ ಸೊತ್ತು, ಬೇರೆಯವರು ನೋಡಕೂಡದು ಎಂದು ಬ್ರಾಹ್ಮಣರು ಹೇಳುತ್ತಾರೆ. ಹಾಗಾದರೆ ನಮಗೆ ಧರ್ಮಗ್ರಂಥವೇ ಇಲ್ಲ ಎಂದಾಯಿತು. ಗ್ರಂಥವಿಲ್ಲದ ನಾವು ಯಾವ ಧರ್ಮದವರು? ಎದುರಾಳಿಯ ಮಾತನ್ನು ಅವಳು ಅಲ್ಲಗಳೆಯುವುದಿಲ್ಲ. ಪೂರ್ತಿ ಒಪ್ಪಿಕೊಂಡು, ಅದು ಎಲ್ಲಿಗೆ ಹೋಗಿ ಮುಟ್ಟುತ್ತದೋ ಅಲ್ಲಿಯವರೆಗೂ ನಡೆಸಿಕೊಂಡು ಹೋಗುತ್ತಾಳೆ. ಅರ್ಥಗ್ರಹಣ ಎಂದರೆ ಇದು. ಶಾಲೆಯ ಪ್ರಬಂಧವೊಂದು ಇಷ್ಟು ದೂರ ಹೋಗಬಲ್ಲದು ಎಂಬುದನ್ನು ನಾವು ನಮ್ಮ ಪ್ರಬಂಧ ಸ್ಪರ್ಧೆಗಳಲ್ಲಿ ಮರೆತಿದ್ದೇವೆ.

ಧಾರವಾಡದ ನಿರ್ಣಯ ನಮಗೆ ಇವತ್ತು ಸುಲಭವಾಗಿ ಸಿಗುವುದು ಬಾಬಾಸಾಹೇಬರ ಮೂಲಕ. 1928ರಲ್ಲಿ ಬಹಿಷ್ಕೃತ ಹಿತಕಾರಿಣಿ ಸಭಾದ ಪರವಾಗಿ ಸೈಮನ್ ಆಯೋಗಕ್ಕೆ ಸಲ್ಲಿಸಿದ ಹೇಳಿಕೆಯಲ್ಲಿ ಅವರು ಮುಂಬಯಿ ಪ್ರಾಂತ್ಯದಲ್ಲಿ ದಮನಿತರ ಶಿಕ್ಷಣದ ಚರಿತ್ರೆಯನ್ನು ಬರೆದರು. ಅವರು ಅಲ್ಲಿ ಮಾಡಿದ ಕೆಲಸದ ವಿಧಾನ ಮುಖ್ಯವಾದದ್ದು. ತಮ್ಮ ಆಕ್ರೋಶವನ್ನು ಮುಂದೆ ಇಡಲಿಲ್ಲ. ಸರ್ಕಾರದ್ದೇ ಕಾಗದಗಳನ್ನು, ಎಲ್ಫಿನ್‌ಸ್ಟನ್ ಟಿಪ್ಪಣಿಯಿಂದ ಹಿಡಿದು ಶಿಕ್ಷಣ ಮಂಡಳಿಯ ವರದಿಗಳವರೆಗೆ, ಒಂದರ ಪಕ್ಕ ಒಂದಿಟ್ಟು ಓದಿದರು. 1858ರಲ್ಲಿ ಕಂಪನಿಯ ನಿರ್ದೇಶಕರು ಸರ್ಕಾರಿ ಶಾಲೆಗಳು ಎಲ್ಲ ವರ್ಗಗಳಿಗೂ ತೆರೆದಿರಬೇಕು ಎಂಬ ತತ್ವವನ್ನು ಹೇಳಿದರು. 1882ರ ಹಂಟರ್ ಆಯೋಗ ಆ ತತ್ವವನ್ನು ಮತ್ತೆ ಒಪ್ಪಿತು. ಒಪ್ಪುತ್ತಲೇ, ಅದನ್ನು ಜಾಗರೂಕತೆಯಿಂದ ಜಾರಿ ಮಾಡಬೇಕು ಎಂದೂ ಹೇಳಿತು. ತತ್ವ ಒಂದು ವಾಕ್ಯದಲ್ಲಿ, ‘ಆದರೆ’ ಮುಂದಿನ ವಾಕ್ಯದಲ್ಲಿ. ಈ ವಾಕ್ಯರಚನೆ ಎಪ್ಪತ್ತು ವರ್ಷ ಬದಲಾಗಲಿಲ್ಲ ಎಂಬುದನ್ನು ಕಂಡುಹಿಡಿಯಲು ಒಬ್ಬ ಓದುಗ ಬೇಕಿತ್ತು. ಎಲ್ಫಿನ್‌ಸ್ಟನ್ ಹೈಸ್ಕೂಲಿನಲ್ಲಿ ಸಂಸ್ಕೃತ ಕಲಿಯಲು ಬಿಡದೆ ಪರ್ಷಿಯನ್ ತೆಗೆದುಕೊಳ್ಳುವಂತೆ ಮಾಡಿದ್ದ ಹುಡುಗನೇ ಆ ಓದುಗ. ಅವನೇ 1946ರಲ್ಲಿ ‘ಶೂದ್ರರು ಯಾರು’ ಎಂದು ಕೇಳುತ್ತಾ ಪುರುಷಸೂಕ್ತವನ್ನು ಪದಪದವಾಗಿ ಪರೀಕ್ಷಿಸಿದ.

ದಲಿತ ವಿಮರ್ಶೆಯ ಆರಂಭವನ್ನು ಕೃತಿ ವಿಮರ್ಶೆಗಳಲ್ಲಿ ಮಾತ್ರ ಹುಡುಕುವವರು ಈ ಹೇಳಿಕೆಯನ್ನೂ ಓದಬೇಕೆಂದು ನನ್ನ ಬಿನ್ನಹ.

4

ಬಾಬಾಸಾಹೇಬರು ಆ ಹೇಳಿಕೆ ಸಲ್ಲಿಸಿದ ಮರುವರ್ಷ, 1929ರಲ್ಲಿ, ಇಂಗ್ಲೆಂಡಿನಲ್ಲಿ ಐ.ಎ. ರಿಚರ್ಡ್ಸ್‌ನ ‘ಪ್ರಾಕ್ಟಿಕಲ್ ಕ್ರಿಟಿಸಿಸಂ’ ಬಂತು. ಕೇಂಬ್ರಿಡ್ಜಿನಲ್ಲಿ ಆತ ಕವಿಗಳ ಹೆಸರು, ಕಾಲ ಯಾವುದನ್ನೂ ಕೊಡದೆ ಕವಿತೆಗಳನ್ನು ವಿದ್ಯಾರ್ಥಿಗಳಿಗೆ ಹಂಚಿ, ಅವರು ಬರೆದ ಪ್ರತಿಕ್ರಿಯೆಗಳನ್ನು ಸಂಗ್ರಹಿಸಿದ. ಒಳ್ಳೆಯ ಮನೆತನದಿಂದ, ಒಳ್ಳೆಯ ಶಾಲೆಗಳಿಂದ ಬಂದ ಹುಡುಗರು ಕವಿತೆ ನೇರವಾಗಿ ಏನು ಹೇಳುತ್ತಿದೆ ಎಂಬುದನ್ನೇ ತಪ್ಪು ತಿಳಿದಿದ್ದರು. ಎದುರಿಗಿರುವ ಪದಗಳನ್ನು ಬಿಟ್ಟು ತಮ್ಮಲ್ಲಿ ಮೊದಲೇ ತಯಾರಿದ್ದ ಭಾವನೆಗಳನ್ನು ಬರೆದಿದ್ದರು. ಓದಿಯೂ ಅರ್ಥವಾಗದಿರುವ ಕಾಯಿಲೆ ಕೇರಿಯದ್ದು ಮಾತ್ರ ಅಲ್ಲ ಎಂದು ತಿಳಿದಾಗ ನನಗೆ ಸ್ವಲ್ಪ ಸಮಾಧಾನವಾಯಿತು ಎಂದು ಒಪ್ಪಿಕೊಳ್ಳಬೇಕು.

ಈ ಕ್ರಮವೇ ಮುಂದೆ ನವ್ಯದ ಕಾಲದಲ್ಲಿ ಪ್ರಾಯೋಗಿಕ ವಿಮರ್ಶೆ, ಕೃತಿನಿಷ್ಠ ವಿಮರ್ಶೆ ಎಂಬ ಹೆಸರುಗಳಲ್ಲಿ ಕನ್ನಡದ ತರಗತಿಗಳಿಗೆ ಬಂತು. ನವ್ಯ ವಿಮರ್ಶೆಯನ್ನು ಒಂದೇ ಏಟಿಗೆ ಬ್ರಾಹ್ಮಣ್ಯದ ಓದು ಎಂದು ತಳ್ಳಿಹಾಕುವ ರೂಢಿ ನಮ್ಮಲ್ಲಿದೆ. ನಾನು ಅದನ್ನು ಪೂರ್ತಿ ಒಪ್ಪುವುದಿಲ್ಲ. ಕವಿಯ ವಂಶ, ಬಿರುದು, ಸ್ತುತಿ ಇವುಗಳಲ್ಲೇ ಮುಗಿದುಹೋಗುತ್ತಿದ್ದ ಪಾಠವನ್ನು ಪದದ ಹತ್ತಿರಕ್ಕೆ ತಂದದ್ದು ಅದು. ನನ್ನಂಥ ಮೊದಲ ತಲೆಮಾರಿನ ವಿದ್ಯಾರ್ಥಿಗೆ ಅದರಲ್ಲಿ ಒಂದು ಸಮಾನತೆಯ ಭರವಸೆಯೂ ಇತ್ತು. ಮನೆಯಲ್ಲಿ ಗ್ರಂಥ ಇಲ್ಲದಿರಲಿ, ಸಂಸ್ಕೃತ ಬಾರದಿರಲಿ, ಪುಟ ಎದುರಿಗಿದೆ, ಕಣ್ಣಿದೆ, ಓದು ಅಂತ ಅದು ಹೇಳುತ್ತಿತ್ತು.

ಆದರೆ ಆ ಭರವಸೆ ತರಗತಿಯಲ್ಲಿ ಉಳಿಯಲಿಲ್ಲ. ಎಂ.ಎ. ಓದುವಾಗ ಒಂದು ಕತೆಯ ಚರ್ಚೆ ನಡೆದಿತ್ತು. ತೊಟ್ಟಿಮನೆಯ ಒಬ್ಬ ತರುಣನ ತಳಮಳದ ಕತೆ. ಅದರಲ್ಲಿ ಒಂದು ಕಡೆ ಒಬ್ಬ ಆಳು ಹಿತ್ತಿಲ ಬೇಲಿಯಾಚೆ ಬಂದು ನಿಲ್ಲುತ್ತಾನೆ, ಒಂದು ವಾಕ್ಯ. ಮತ್ತೆ ಅವನು ಕತೆಯಲ್ಲಿ ಬರುವುದಿಲ್ಲ. ‘ಸಾರ್, ಅವನು ಯಾಕೆ ಬೇಲಿ ದಾಟಲ್ಲ? ಅವನಿಗೆ ಯಾಕೆ ಹೆಸರಿಲ್ಲ?’ ಎಂದು ಕೇಳಿದೆ. ‘ಅದು ಕೃತಿಯ ಕೇಂದ್ರ ಅಲ್ಲ ಕಣಯ್ಯ, ಹೊರಗಿನದನ್ನು ಕೃತಿಯ ಮೇಲೆ ಹೇರಬೇಡ’ ಎಂದರು. ನಾನು ಸುಮ್ಮನೆ ಕೂತೆ. ಹಾಸ್ಟೆಲಿಗೆ ಬಂದ ಮೇಲೆ ಹೊಳೆಯಿತು. ಆ ಆಳನ್ನು ನಾನು ಹೊರಗಿನಿಂದ ತಂದಿರಲಿಲ್ಲ. ಲೇಖಕನೇ ತಂದು ಬೇಲಿಯ ಹತ್ತಿರ ನಿಲ್ಲಿಸಿದ್ದ. ಅವನನ್ನು ಬಿಟ್ಟು ಓದಿದ್ದು ನಮ್ಮ ಮೇಷ್ಟ್ರು. ಹಾಗಾದರೆ ಕೃತಿನಿಷ್ಠೆ ಯಾರದು?

ಕೇಂಬ್ರಿಡ್ಜಿನಲ್ಲಿ ಕವಿತೆಯ ಹೆಸರನ್ನು ಮುಚ್ಚಿದರೆ ಸಾಕಿತ್ತೇನೋ. ನಮ್ಮಲ್ಲಿ ಓದುಗನ ಹೆಸರನ್ನೂ ಮುಚ್ಚಬೇಕು, ಅದು ಆಗದ ಕೆಲಸ. ಸ್ಕಾಲರ್‌ಶಿಪ್ಪಿನ ಪಟ್ಟಿಯನ್ನು ನೋಟೀಸು ಬೋರ್ಡಿಗೆ ಹಚ್ಚುವ ಕಾಲೇಜಿನಲ್ಲಿ ಹೆಸರಿಲ್ಲದ ಓದು ಎಂಬುದು ಕೆಲವರಿಗೆ ಮಾತ್ರ ಸಿಗುವ ಸೌಲಭ್ಯ.

5

ಈ ದೃಷ್ಟಿಯಿಂದ ನೋಡಿದರೆ 1973ರ ಬೂಸಾ ಪ್ರಕರಣವೂ ಮೂಲತಃ ಓದಿಗೆ ಸಂಬಂಧಪಟ್ಟ ಜಗಳ. ದೇವರಾಜ ಅರಸರ ಸಂಪುಟದಲ್ಲಿ ಮಂತ್ರಿಯಾಗಿದ್ದ ಬಿ. ಬಸವಲಿಂಗಪ್ಪನವರು ಆ ವರ್ಷದ ನವೆಂಬರ್‌ನಲ್ಲಿ ಮೈಸೂರಿನಲ್ಲಿ ಮಾತನಾಡುತ್ತಾ, ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಎಂಬರ್ಥದ ಮಾತು ಹೇಳಿದರು. ರಾಜ್ಯದ ಹಲವು ಕಡೆ ಚಳವಳಿ ಎದ್ದಿತು, ಹಾಸ್ಟೆಲುಗಳಲ್ಲಿದ್ದ ದಲಿತ ವಿದ್ಯಾರ್ಥಿಗಳ ಮೇಲೆ ಹಲ್ಲೆಗಳಾದವು, ಕೊನೆಗೆ ಅವರು ಮಂತ್ರಿ ಪದವಿಗೆ ರಾಜೀನಾಮೆ ಕೊಡಬೇಕಾಯಿತು. ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದ ಮಂತ್ರಿ ಒಂದು ಸಾಹಿತ್ಯಿಕ ಅಭಿಪ್ರಾಯಕ್ಕಾಗಿ ಅಧಿಕಾರ ಕಳೆದುಕೊಂಡರು.

ಕನ್ನಡ ಸಾಹಿತ್ಯವನ್ನು ಪ್ರೀತಿಸುತ್ತೇವೆಂದು ಬೀದಿಗಿಳಿದವರು ಸಾಹಿತ್ಯದ ತರಗತಿ ಕಲಿಸುವ ಮೊದಲ ಪ್ರಶ್ನೆಯನ್ನೇ ಕೇಳಲಿಲ್ಲ. ಯಾರು, ಯಾರಿಗೆ, ಯಾವಾಗ ಹೇಳಿದರು? ಬೂಸಾ ಎಂದರೆ ಏನು? ದನ ಕಟ್ಟಿದ ಮನೆಯ ಯಾರಿಗಾದರೂ ಗೊತ್ತಿರುವ ಹಾಗೆ, ಬೂಸಾ ಕಸವಲ್ಲ, ವಿಷವೂ ಅಲ್ಲ. ಕಾಳಿನ ಸಾರ ಇನ್ನೊಬ್ಬರ ಪಾಲಾದ ಮೇಲೆ ಉಳಿದು ಕೊಟ್ಟಿಗೆಗೆ ಬರುವ ಹೊಟ್ಟು. ಆ ರೂಪಕದೊಳಗೆ ಒಂದು ಹಂಚಿಕೆಯ ಪ್ರಶ್ನೆ ಇದೆ. ಸಾರ ಯಾರಿಗೆ ಸಿಕ್ಕಿತು, ಹೊಟ್ಟು ಯಾರ ಮುಂದೆ ಬಂತು? ಬಸವಲಿಂಗಪ್ಪನವರ ಮನಸ್ಸಿನಲ್ಲಿ ಇದು ಇತ್ತು ಎಂದು ನಾನು ವಾದಿಸುವುದಿಲ್ಲ. ಮಾತಿನಲ್ಲಿ ಇದೆ ಎಂದು ಮಾತ್ರ ಹೇಳುತ್ತೇನೆ. ಆ ಮಾತನ್ನು ಒಂದು ರೂಪಕವಾಗಿ ಓದುವಷ್ಟು ತಾಳ್ಮೆ ಅವತ್ತು ಇದ್ದಿದ್ದರೆ, ಎಷ್ಟೋ ಹುಡುಗರು ಹಾಸ್ಟೆಲ್ ಬಿಟ್ಟು ಓಡಬೇಕಾಗುತ್ತಿರಲಿಲ್ಲ.

ಆ ಪೆಟ್ಟಿನಿಂದಲೇ ಒಂದು ಹೊಸ ಓದು ಹುಟ್ಟಿತು ಎಂಬುದು ನಮ್ಮ ಚರಿತ್ರೆಯ ದೊಡ್ಡ ಸಂಗತಿ. ದಲಿತ ಸಂಘರ್ಷ ಸಮಿತಿ, ಭದ್ರಾವತಿಯಲ್ಲಿ ಕನ್ನಡ ಅಧ್ಯಾಪಕರಾಗಿದ್ದ ಪ್ರೊ. ಬಿ. ಕೃಷ್ಣಪ್ಪ, ‘ಪಂಚಮ’ ಪತ್ರಿಕೆ, ಸಿದ್ಧಲಿಂಗಯ್ಯನವರ ‘ಹೊಲೆಮಾದಿಗರ ಹಾಡು’, ದೇವನೂರರ ‘ದ್ಯಾವನೂರು’ ಇವೆಲ್ಲ ಈ ಓದುಗರಿಗೆ ತಿಳಿದದ್ದೇ. 1979ರಲ್ಲಿ ಧರ್ಮಸ್ಥಳದ ಸಾಹಿತ್ಯ ಸಮ್ಮೇಳನದಲ್ಲಿ ದಲಿತ ಸಾಹಿತ್ಯಕ್ಕೊಂದು ಗೋಷ್ಠಿ ಕೇಳಿದಾಗ ಸಿಗದೆ, ಅದೇ ವರ್ಷ ಬೆಂಗಳೂರಿನಲ್ಲಿ ಬಂಡಾಯ ಸಾಹಿತ್ಯ ಸಮ್ಮೇಳನ ನಡೆದದ್ದೂ ತಿಳಿದದ್ದೇ. ಇವುಗಳ ನಡುವೆ ಹೆಚ್ಚು ದಾಖಲಾಗದೆ ಉಳಿದದ್ದು ಅಧ್ಯಯನ ಶಿಬಿರಗಳು.

ನಮ್ಮ ದೊಡ್ಡಪ್ಪ ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವನು. ಎಂಬತ್ತರ ದಶಕದಲ್ಲಿ ಇಂಥ ಶಿಬಿರಗಳಿಗೆ ಹೋಗುತ್ತಿದ್ದ. ಅಲ್ಲಿ ಹೇಗೆ ಓದುತ್ತಿದ್ದಿರಿ ಎಂದು ಕೇಳಿದರೆ ಹೇಳುತ್ತಾನೆ: ‘ಒಬ್ರು ಓದೋರು ಕನ ಮಗ. ನಾವೆಲ್ಲ ಚಾಪೆ ಮ್ಯಾಲ್ ಕುಂತಿರೋಮು. ನಾಕ್ ಸಾಲ್ ಓದ್ಬುಟ್ಟು ನಿಲ್ಸೋರು. ಇದು ಯಾರ್ ಮಾತು, ಯಾರ್ಗೆ ಏಳ್ತಾವ್ನೆ, ಇದ್ರಿಂದ ಯಾರ್ಗೆ ಲಾಬ ಅಂತ ಕೇಳೋರು. ಗೊತ್ತಿಲ್ಲ ಅಂದ್ರೆ ಬಯ್ತಿರ್ನಿಲ್ಲ, ತಿರ್ಗಾ ಓದೋರು.’

ನನ್ನ ಬಿ.ಇಡಿ. ಗೆಳೆಯರು ಶಿಕ್ಷಣಶಾಸ್ತ್ರದ ಪುಸ್ತಕಗಳಿಂದ ಕಲಿತು ಬಂದ ಎಷ್ಟೋ ವಿಧಾನಗಳನ್ನು ನೋಡಿದ್ದೇನೆ. ಇದಕ್ಕಿಂತ ಸರಿಯಾದ ಅರ್ಥಗ್ರಹಣದ ಪಾಠ ನನಗೆ ಕಂಡಿಲ್ಲ. ಗಮನಿಸಿ, ಇದು ಹೊಸದಾಗಿ ಕಂಡುಹಿಡಿದದ್ದೇನೂ ಅಲ್ಲ. ಪರೀಕ್ಷೆಯ ಸಂದರ್ಭ ಪ್ರಶ್ನೆಯೇ. ಪರೀಕ್ಷೆ ಅದನ್ನು ಅಚ್ಚು ಮಾಡಿ ಕೊಂದಿತ್ತು, ಚಾಪೆಯ ಮೇಲೆ ಕೂತವರು ಅದಕ್ಕೆ ಜೀವ ಕೊಟ್ಟರು. ಜೊತೆಗೆ ಲಾಭ ಯಾರಿಗೆ ಎಂಬ ಪ್ರಶ್ನೆಯನ್ನೂ ಸೇರಿಸಿದರು. ಎಲ್ಲಕ್ಕಿಂತ ಮುಖ್ಯವಾಗಿ ‘ತಿರ್ಗಾ ಓದೋರು.’

6

ಈಗ ನಮ್ಮ ಕಡೆಗೇ ನೋಡಿಕೊಳ್ಳಬೇಕು. ಈ ಮಾತನ್ನು ದಲಿತ ವಿಮರ್ಶೆಯ ವಿಶೇಷ ಸಂಚಿಕೆಯಲ್ಲಿ ಹೇಳದೆ ಬೇರೆಲ್ಲಿ ಹೇಳಲಿ?

ದಲಿತ ಸಾಹಿತ್ಯ ಪಠ್ಯವಾಗಿ ದಶಕಗಳೇ ಆದವು. ಅದರೊಂದಿಗೆ ಅದರ ಗೈಡುಗಳೂ ಬಂದವು. ನನ್ನ ವಿದ್ಯಾರ್ಥಿಗಳ ಉತ್ತರ ಪತ್ರಿಕೆಗಳಲ್ಲಿ ಸಿದ್ಧಲಿಂಗಯ್ಯ, ದೇವನೂರು, ಮಾಲಗತ್ತಿ ಎಲ್ಲರ ಬಗೆಗೂ ಒಂದೇ ಉತ್ತರ: ಈ ಕೃತಿ ದಲಿತರ ನೋವು, ಶೋಷಣೆ ಮತ್ತು ಆಕ್ರೋಶವನ್ನು ಚಿತ್ರಿಸುತ್ತದೆ. ‘ಅತ್ಯಂತ ಸ್ವಾರಸ್ಯಪೂರ್ಣವಾಗಿ ಮೂಡಿಬಂದಿದೆ’ ಎಂಬ ವಾಕ್ಯದ ಜಾಗಕ್ಕೆ ಇದು ಬಂದು ಕೂತಿದೆ. ಪುಸ್ತಕ ತೆರೆಯದೆಯೂ ಇದನ್ನು ಬರೆಯಬಹುದು. ಮೇಲ್ಜಾತಿಯ ಹುಡುಗ ಇದನ್ನು ಬರೆದು ಅಂಕ ತಗೊಂಡು ಹೋಗುತ್ತಾನೆ. ನಮ್ಮ ಹುಡುಗನೂ ಇದನ್ನೇ ಬರೆದು ತನ್ನ ಬದುಕನ್ನು ಒಂದು ಗೈಡಿನ ವಾಕ್ಯಕ್ಕೆ ಒಪ್ಪಿಸಿ ಹೋಗುತ್ತಾನೆ. ಎರಡನೆಯದು ನನಗೆ ಹೆಚ್ಚು ಸಂಕಟದ ವಿಷಯ.

‘ಒಡಲಾಳ’ವನ್ನೇ ತಗೊಳ್ಳಿ. ಕದ್ದು ತಂದ ಕಡಲೆಕಾಯಿ ಮೂಟೆಯ ಸುತ್ತ ಇಡೀ ಮನೆ ಕೂತು ರಾತ್ರಿಯೆಲ್ಲ ತಿನ್ನುವ ಭಾಗ ಇದೆ. ಬೆಳಗಾದರೆ ಪೊಲೀಸರು ಬರುತ್ತಾರೆ. ಇದನ್ನು ಪಾಠ ಮಾಡಿ ಪ್ರಶ್ನೆ ಕೊಟ್ಟಾಗ ‘ದಲಿತರ ಹಸಿವಿನ ದಾರುಣ ಚಿತ್ರಣ’ ಎಂದೇ ಹೆಚ್ಚಿನವರು ಬರೆದರು. ಹಸಿವು ಅಲ್ಲಿದೆ, ನಿಜ. ಆದರೆ ಆ ರಾತ್ರಿಯ ಸಂಭ್ರಮ? ಗೋಡೆಯ ಮೇಲೆ ಪುಟ್ಟಗೌರಿ ಬರೆಯುವ ನವಿಲು? ಕಳೆದುಹೋದ ಹುಂಜಕ್ಕಾಗಿ ಸಾಕವ್ವ ಕೇರಿಯನ್ನೇ ಎಬ್ಬಿಸುವ ಠೀವಿ? ಶೋಷಣೆ ಎಂಬ ಒಂದು ಪದ ಇವೆಲ್ಲವನ್ನೂ ನುಂಗಿಹಾಕಿತು. ರಿಚರ್ಡ್ಸ್ ತನ್ನ ಹುಡುಗರಲ್ಲಿ ಕಂಡ ಸಿದ್ಧ ಪ್ರತಿಕ್ರಿಯೆ ಇದೇ. ನಮ್ಮದು ಪ್ರಗತಿಪರವಾದದ್ದು ಅನ್ನುವುದೊಂದೇ ವ್ಯತ್ಯಾಸ. ಡಿ.ಆರ್. ನಾಗರಾಜ್ 1993ರಲ್ಲಿ ಬಂದ ತಮ್ಮ ಇಂಗ್ಲಿಷ್ ಪುಸ್ತಕದಲ್ಲಿ, ದಲಿತ ಚಳವಳಿ ಅವಮಾನ ಮತ್ತು ರೋಷದ ನೆನಪೊಂದರಲ್ಲೇ ನಿಲ್ಲದೆ ತನ್ನ ಸಾಂಸ್ಕೃತಿಕ ಸಂಪತ್ತಿನೊಂದಿಗೆ ಮುಖಾಮುಖಿಯಾಗಬೇಕೆಂದು ವಾದಿಸಿದ್ದರು. ಅದನ್ನು ನಾವು ಸೈದ್ಧಾಂತಿಕ ಚರ್ಚೆಯಾಗಿ ಓದಿದೆವು, ತರಗತಿಯ ಸಮಸ್ಯೆಯಾಗಿ ಓದಲಿಲ್ಲ.

‘ಕುಸುಮಬಾಲೆ’ ಬಂದಾಗ ಅದನ್ನು ಕನ್ನಡಕ್ಕೆ ಅನುವಾದ ಮಾಡಬೇಕು ಎಂಬ ಕೊಂಕು ಮಾತು ಓಡಾಡಿತು. ನಮ್ಮ ಸೀಮೆಯ ಮಕ್ಕಳು ಅದನ್ನು ಗಟ್ಟಿಯಾಗಿ ಓದಿದರೆ ಅರ್ಧ ತೊಡಕು ತಾನೇ ಬಿಚ್ಚಿಕೊಳ್ಳುತ್ತದೆ ಎಂಬುದನ್ನು ನಾನು ತರಗತಿಯಲ್ಲಿ ಕಂಡಿದ್ದೇನೆ. ‘ಇದು ನಮ್ಮಜ್ಜಿ ಮಾತಾಡ್ದಂಗೇ ಅದೆ ಸಾ’ ಎಂದು ಒಬ್ಬ ಹುಡುಗ ಅಂದಿದ್ದ. ಶಿಷ್ಟ ಕನ್ನಡದ ಪ್ರಶ್ನೆಪತ್ರಿಕೆಯಲ್ಲಿ ತಪ್ಪು ಎನಿಸಿಕೊಂಡದ್ದೇ ಅಲ್ಲಿ ಬೀಗದ ಕೈಯಾಯಿತು. ಆದರೆ ಮಿಕ್ಕ ಅರ್ಧ ಬಿಚ್ಚಿಕೊಳ್ಳಬೇಕಾದರೆ ಅಜ್ಜಿಯ ಮಾತು ಸಾಲದು. ಅದಕ್ಕೆ ದುಡಿಮೆ ಬೇಕು. ನಮ್ಮ ಅನುಭವವೇ ನಮ್ಮ ವಿಮರ್ಶೆ ಎಂದು ಹೇಳಿ ಈ ದುಡಿಮೆಯಿಂದ ನುಣುಚಿಕೊಂಡರೆ, ಬಾಬಾಸಾಹೇಬರು ಕಾಗದಗಳ ಮುಂದೆ ಕಳೆದ ರಾತ್ರಿಗಳಿಗೆ ನಾವು ಬಗೆದ ದ್ರೋಹ ಆಗುತ್ತದೆ. ಅನುಭವ ಪ್ರಶ್ನೆಯನ್ನು ಕೊಡುತ್ತದೆ. ಉತ್ತರವನ್ನು ಪುಟದಲ್ಲೇ ಹುಡುಕಬೇಕು.

7

ಸಿಲಬಸ್ಸು ಬದಲಾಯಿಸುವ ಶಕ್ತಿ ಗಂಟೆ ಲೆಕ್ಕದ ಅತಿಥಿ ಉಪನ್ಯಾಸಕನಿಗೆ ಇಲ್ಲ. ಇರುವ ಅವಧಿಯಲ್ಲಿ ಮೂರು ಕೆಲಸ ಮಾಡುತ್ತಿದ್ದೇನೆ. ಅವು ದೊಡ್ಡವಲ್ಲ. ಯಾವ ಪಾಠವಾದರೂ ಮೊದಲು ಒಂದು ಸಲ ಗಟ್ಟಿಯಾಗಿ ಓದಿಸಿ, ‘ಏನಂತೆ?’ ಎಂದು ಕೇಳುತ್ತೇನೆ. ಉತ್ತರವನ್ನು ಮನೆಯ ಮಾತಿನಲ್ಲೇ ಹೇಳಬೇಕು, ಪುಸ್ತಕದ ಪದ ಬಳಸಬಾರದು. ಎರಡನೆಯದಾಗಿ ಪ್ರಶ್ನೆಗಳನ್ನು ಅವರಿಂದಲೇ ಬರೆಸುತ್ತೇನೆ. ಒಳ್ಳೆಯ ಪ್ರಶ್ನೆಗೂ ಒಳ್ಳೆಯ ಉತ್ತರದಷ್ಟೇ ಅಂಕ. ಮೂರನೆಯದಾಗಿ, ತಿಂಗಳಿಗೊಮ್ಮೆ ಮನೆಯಿಂದ ಒಂದು ಕಾಗದ ತರಲು ಹೇಳುತ್ತೇನೆ. ಪಹಣಿ, ಸಂಘದ ಸಾಲದ ಪತ್ರ, ಆಸ್ಪತ್ರೆಯ ಚೀಟಿ, ಕರೆಂಟು ಬಿಲ್ಲು ಏನಾದರೂ ಆಗಬಹುದು. ಕವಿತೆಯನ್ನು ಓದುವ ಕ್ರಮದಲ್ಲೇ ಅದನ್ನೂ ಓದುತ್ತೇವೆ. ಒಬ್ಬಳು ತನ್ನ ಅವ್ವ ಹೆಬ್ಬೆಟ್ಟು ಒತ್ತಿದ್ದ ಸಾಲದ ಪತ್ರ ತಂದಿದ್ದಳು. ‘ಷರತ್ತುಗಳನ್ನು ಓದಿ ಅರ್ಥಮಾಡಿಕೊಂಡಿರುತ್ತೇನೆ’ ಎಂಬ ವಾಕ್ಯದ ಕೆಳಗೇ ಆ ಹೆಬ್ಬೆಟ್ಟು ಇತ್ತು. ಆ ದಿನ ಸ್ವಾರಸ್ಯ ಎಂದರೇನು ಎಂದು ಯಾರಿಗೂ ಬಿಡಿಸಿ ಹೇಳಬೇಕಾಗಲಿಲ್ಲ.

ಸಾಹಿತ್ಯದ ತರಗತಿಯಲ್ಲಿ ಇದೇಕೆ ಎಂದು ಸಹೋದ್ಯೋಗಿಗಳು ಕೇಳುತ್ತಾರೆ. ಕವಿತೆಯನ್ನು ಓದಬಲ್ಲವನಿಗೆ ನೋಟೀಸು ಓದಲು ಬರುತ್ತದೆ, ನೋಟೀಸಿನಲ್ಲಿ ಕರ್ತೃಪದ ಹುಡುಕಬಲ್ಲವನಿಗೆ ಕತೆಯಲ್ಲಿ ಬೇಲಿಯಾಚೆ ನಿಂತವನೂ ಕಾಣುತ್ತಾನೆ ಎಂಬುದು ನನ್ನ ನಂಬಿಕೆ. ಇವೆರಡನ್ನೂ ಬೇರೆ ಬೇರೆ ಮಾಡಿದ ಶಿಕ್ಷಣದಿಂದ ನಷ್ಟ ಆದದ್ದು ನಮಗೆ.

ಧಾರವಾಡದ ನಿರ್ಣಯ ಓದಿ ಮುಗಿಸಿದ ದಿನ ಒಂದು ಹುಡುಗಿ ಹಿಂದಿನ ಬೆಂಚಿನಿಂದ ಎದ್ದು ನಿಂತಳು. ಅವಳು ಪರೀಕ್ಷೆಯಲ್ಲಿ ‘ಸಿಕ್ಕಿತು’ ಎಂದು ಬರೆದವರಲ್ಲಿ ಒಬ್ಬಳು.

‘ಸಾ, ಆ ಹುಡುಗ್ನ ಹೆಸರೇನು?’

ನಾನು ಓದಿದ ಕಾಗದದಲ್ಲಿ ಅವನು ಬರೀ ‘ಮಹಾರ್ ಹುಡುಗ’, ‘ಅರ್ಜಿದಾರ’. ಹಾಗೆಂದೇ ಹೇಳಿದೆ. ಅವಳು ಕೂರಲಿಲ್ಲ.

‘ಮತ್ತೆ ಅವ್ನು ಅರ್ಜೀಲಿ ಏನ್ ಬರ್ದಿದ್ದ ಸಾ? ಸರ್ಕಾರ ಹೇಳಿದ್ದ ಮಾತ್ರ ಓದ್ದೊ. ಅವ್ನ್ ಮಾತು ಎಲ್ಲದೆ?’

ಮುಂದಿನ ವಾರಕ್ಕೆ ಅದನ್ನೇ ಪ್ರಶ್ನೆಯಾಗಿ ಕೊಟ್ಟಿದ್ದೇನೆ. ಆ ಹುಡುಗನ ಅರ್ಜಿಯನ್ನು ನೀವು ಬರೆಯಿರಿ.